ಬ್ರೇಕ್ ಒತ್ತಿದರೆ ಕಾರು ಎಡಕ್ಕೆ ಎಳೆಯುವುದೇಕೆ?

ಪ್ರಶ್ನೆ: ಅಪ್ಪನ ಕಾಲದ ಪ್ರೀಮಿಯರ್ ಪದ್ಮಿನಿಯನ್ನು ಇನ್ನೂ ಓಡಿಸುತ್ತಿದ್ದೇನೆ. ವೀರಾಂಜನೇಯಸ್ವಾಮಿ ದೇವಸ್ಥಾನದ ಹತ್ತಿರ ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೆ ಎಡಕ್ಕೆ ಎಳೆಯುತ್ತದೆ. ನಾಲ್ಕೂ ಚಕ್ರಕ್ಕೆ ಹೋಗುವುದು ಒಂದೇ ಬ್ರೇಕ್ ಆಯಿಲ್ ತಾನೆ? ಮತ್ತೆ ಈ ವ್ಯತ್ಯಾಸ ಎಲ್ಲಿಂದ ಬಂತು?
– ಓದುಗರೊಬ್ಬರು, ಮಹಾಲಕ್ಷ್ಮಿ ಲೇಔಟ್

ಉತ್ತರ: ಆಯಿಲ್ ಪಕ್ಷಪಾತ ಮಾಡುವುದಿಲ್ಲ. ಮುಚ್ಚಿದ ದ್ರವದ ಮೇಲೆ ಹಾಕಿದ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆಂದು ಪಾಸ್ಕಲ್ 17ನೇ ಶತಮಾನದಲ್ಲೇ ತೋರಿಸಿದ್ದ. ಒಂದು ಚಕ್ರದ ಶೂ ಡ್ರಮ್‌ನಿಂದ ತುಸು ದೂರವಿದ್ದರೆ ಆಯಿಲ್ ಮೊದಲು ಅತ್ತ ಹರಿಯುತ್ತದೆ. ಎಲ್ಲ ಶೂಗಳೂ ತಾಗಿದ ಮೇಲೆಯೇ ನಿಜವಾದ ಒತ್ತಡ ಏರುವುದು. ಹಿಂದಿನ ಸರಳು, ಕೇಬಲ್ ಬ್ರೇಕುಗಳಿಗೆ ಈ ಗುಣ ಇರಲಿಲ್ಲ. ಆಯಿಲ್ ಒತ್ತಡ ಎಲ್ಲೆಡೆ ಒಂದೇ ಆಗಿರುವುದರಿಂದಲೇ, ಎಳೆತಕ್ಕೆ ಏರ್ ತೆಗೆಸಿ ಪ್ರಯೋಜನವಿಲ್ಲ. ಪೈಪಿನಲ್ಲಿ ಗಾಳಿ ಇದ್ದರೆ ಪೆಡಲ್ ಮೆತ್ತಗಾಗುತ್ತದೆ, ಅಷ್ಟೆ.

ವ್ಯತ್ಯಾಸ ಹುಟ್ಟುವುದು ಆಯಿಲ್ ಕೆಲಸ ಮುಗಿಸಿದ ಜಾಗದಲ್ಲಿ. ಒಂದು ಕಡೆ ಒಂದು ಇಂಚಿನ ವೀಲ್ ಸಿಲಿಂಡರ್, ಇನ್ನೊಂದು ಕಡೆ ಯಾರೋ ಹಾಕಿಹೋದ 7/8 ಇಂಚಿನದು ಇದ್ದರೆ ಬಲ ಹೆಚ್ಚುಕಡಿಮೆ ಕಾಲು ಭಾಗ ಇಳಿಯುತ್ತದೆ. ಪಿಸ್ಟನ್ ತುಕ್ಕು ಹಿಡಿದು ಕಚ್ಚಿಕೊಂಡರೂ ಹಾಗೆಯೇ. ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಡ್ರಮ್‌ಗೆ ಉಜ್ಜುವ ಶೂ ಮೇಲಿನ ಪದರ, ಅಂದರೆ ಲೈನರ್. ತಿರುಗುವ ಡ್ರಮ್ ಒಂದು ಶೂವನ್ನು ತಾನೇ ಒಳಗೆಳೆದುಕೊಳ್ಳುವುದರಿಂದ ಘರ್ಷಣೆಯ ಸಣ್ಣ ಹೆಚ್ಚುಕಡಿಮೆಯೂ ದೊಡ್ಡದಾಗಿ ಕಾಣುತ್ತದೆ.

ಕಾರು ಎಡಕ್ಕೆ ಎಳೆದರೆ ಎಲ್ಲರೂ ಎಡ ಚಕ್ರವನ್ನೇ ಬಿಚ್ಚುತ್ತಾರೆ. ನಾನೂ ಹಾಗೆ ಮಾಡಿ ಒಂದು ಭಾನುವಾರ ಕಳೆದುಕೊಂಡಿದ್ದೇನೆ. ಬಹಳ ಸಲ ಸೋತಿರುವುದು ಬಲಗಡೆಯದು. ನಮ್ಮ ಹಳೆಯ ಕಾರಿನಲ್ಲಿ ಬಲ ಮುಂಚಕ್ರದ ಡ್ರಮ್ ತೆಗೆದು, ಸಿಲಿಂಡರಿನ ರಬ್ಬರ್ ಟೋಪಿಯ ಅಂಚನ್ನು ಉಗುರಿನಿಂದ ಎತ್ತಿದೆ. ಒಂದೇ ಒಂದು ಹನಿ ಜಾರಿ ಬೆರಳ ಮೇಲೆ ಬಿತ್ತು. ಕೆಳಗಿನ ಲೈನರ್ ಕಪ್ಪಗೆ ಹೊಳೆಯುತ್ತಿತ್ತು. ಆಯಿಲ್ ಕುಡಿದ ಲೈನರನ್ನು ಪೆಟ್ರೋಲಿನಿಂದ ತೊಳೆದು, ಮರಳುಕಾಗದ ಉಜ್ಜಿ ಮತ್ತೆ ಹಾಕಬೇಡಿ. ಬಿಸಿಯಾದಾಗ ಒಳಗಿನ ಎಣ್ಣೆ ಮತ್ತೆ ಒಸರುತ್ತದೆ. ಮುಂದಿನ ಎರಡೂ ಚಕ್ರಕ್ಕೆ ಒಂದೇ ಸೆಟ್‌ನ ಹೊಸ ಶೂ ಹಾಕಿಸಿ, ಸಿಲಿಂಡರುಗಳ ಅಳತೆಯನ್ನು ಹೋಲಿಸಿ ನೋಡಿ. ಒಳಗಿನ ಧೂಳನ್ನು ಮಾತ್ರ ಊದಬೇಡಿ, ಹಳೆಯ ಲೈನರುಗಳಲ್ಲಿ ಕಲ್ನಾರು ಇರುತ್ತಿತ್ತು. ಒದ್ದೆ ಬಟ್ಟೆಯಿಂದ ಒರೆಸಿ.

ಇಷ್ಟಾದ ಮೇಲೂ ಎಳೆದರೆ, ಸ್ವಲ್ಪ ದೂರ ಓಡಿಸಿ ಬಂದು ಎರಡೂ ಚಕ್ರದ ಹತ್ತಿರ ಅಂಗೈ ಹಿಡಿಯಿರಿ. ಒಂದು ಕಡೆ ಕಾವು ಹೆಚ್ಚಿದ್ದರೆ ಆ ಬದಿಯ ರಬ್ಬರ್ ಹೋಸ್ ಒಳಗೆ ಊದಿಕೊಂಡು, ಹೋದ ಆಯಿಲನ್ನು ವಾಪಸು ಬಿಡದೆ ಹಿಡಿದಿಟ್ಟಿರಬಹುದು. ಹೊರಗಿನಿಂದ ಹೊಸದರಂತೆ ಕಂಡರೂ ಅದನ್ನು ಬದಲಾಯಿಸಿಬಿಡಿ.