ಬಟನ್ ಒತ್ತಿದರೂ ಲೆಕ್ಕ ಬರುತ್ತಿಲ್ಲವೇ? ಬ್ರಾಕೆಟ್ ತೆಗೆಯಿರಿ

ಪೈಥಾನ್ ಕಲಿತ ಹಲವರು ಕಪ್ಪು ಪರದೆಯಲ್ಲಿ ಲೆಕ್ಕ ಮಾಡಿಸುವಷ್ಟಕ್ಕೇ ನಿಂತುಬಿಡುತ್ತಾರೆ. ಆದರೆ ಮನೆಯವರೆಲ್ಲ ಬಳಸಬೇಕೆಂದರೆ ಪೆಟ್ಟಿಗೆ, ಬಟನ್ ಇರುವ ಕಿಟಕಿಯೇ ಬೇಕು. ಅದನ್ನು ಕಟ್ಟಿಕೊಡುವ ಟಿಕೆಇಂಟರ್ ಪೈಥಾನ್ ಜೊತೆಗೇ ಬರುತ್ತದೆ. ಜಾನ್ ಓಸ್ಟರ್‌ಹೌಟ್ ತಮ್ಮ ಟಿಸಿಎಲ್ ಭಾಷೆಗಾಗಿ ರೂಪಿಸಿದ ‘ಟಿಕೆ’ಯನ್ನು ಪೈಥಾನ್‌ನಿಂದ ಬಳಸುವ ದಾರಿ ಅದು. ಹಿನ್ನೆಲೆ ಇಷ್ಟು ಸಾಕು. ಅಡಿಕೆಯ ತೂಕ, ದರ ಕೊಟ್ಟರೆ ಮೊತ್ತ ಹೇಳುವ ಪುಟ್ಟ ಕಿಟಕಿಯನ್ನು ಕಟ್ಟೋಣ.

ಸಿದ್ಧತೆ

ವಿಂಡೋಸ್‌ನಲ್ಲಿ ಪೈಥಾನ್ ಹಾಕಿಕೊಳ್ಳುವಾಗ ಮೊದಲೇ ಇರುವ ಟಿಕ್ ಗುರುತುಗಳನ್ನು ತೆಗೆಯಬೇಡಿ. ಉಬುಂಟುವಿನಲ್ಲಿ ‘ಪೈಥಾನ್3-ಟಿಕೆ’ ಪ್ಯಾಕೇಜನ್ನು ಬೇರೆಯಾಗಿ ಹಾಕಿಕೊಳ್ಳಬೇಕು. ನಿಮ್ಮ ಕಡತಕ್ಕೆ ‘ಟಿಕೆಇಂಟರ್’ ಎಂದೇ ಹೆಸರಿಟ್ಟರೆ ಪೈಥಾನ್ ಅಸಲಿಯನ್ನು ಬಿಟ್ಟು ಅದನ್ನೇ ಎತ್ತಿಕೊಳ್ಳುತ್ತದೆ, ಎಚ್ಚರ.

ಆಜ್ಞೆಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಿ. ಆದರೆ ನಾವು ಇಡುವ ಹೆಸರುಗಳು ಕನ್ನಡದಲ್ಲಿರಬಹುದು. ಪೈಥಾನ್ 3 ಒಪ್ಪುತ್ತದೆ. ಹಾಗಾಗಿ ಕೆಳಗಿನ ಕಿಟಕಿ, ತೂಕ, ದರ, ಲೆಕ್ಕ, ಉತ್ತರ ಇವನ್ನು ಕನ್ನಡದಲ್ಲೇ ಬರೆಯಿರಿ.

ಹಂತಗಳು

1. ಮೊದಲ ಸಾಲು: ಇಂಪೋರ್ಟ್ ಟಿಕೆಇಂಟರ್ ಆ್ಯಸ್ ಟಿಕೆ. ಎಲ್ಲವೂ ಸಣ್ಣಕ್ಷರ. ಹಳೆಯ ಪುಸ್ತಕಗಳಲ್ಲಿ ಮೊದಲಕ್ಷರ ದೊಡ್ಡದಾಗಿದ್ದರೆ ಅದು ಪೈಥಾನ್ 2ರ ಕಾಲದ್ದು.

2. ಕಿಟಕಿ = ಟಿಕೆ.ಟಿಕೆ(). ಚುಕ್ಕಿಯ ನಂತರದ ಹೆಸರಿಗೆ ಮೊದಲಕ್ಷರ ದೊಡ್ಡದು. ಮುಂದೆ ಬರುವ ಎಂಟ್ರಿ, ಲೇಬಲ್, ಬಟನ್‌ಗಳಿಗೂ ಹಾಗೆಯೇ.

3. ತೂಕ = ಟಿಕೆ.ಎಂಟ್ರಿ(ಕಿಟಕಿ). ಮುಂದಿನ ಸಾಲಿನಲ್ಲಿ ತೂಕ.ಗ್ರಿಡ್(ರೋ=0, ಕಾಲಂ=1). ದರಕ್ಕೂ ಹೀಗೆಯೇ, ರೋ=1. ಉತ್ತರ ಎಂಬ ಲೇಬಲ್ ರೋ=3ರಲ್ಲಿರಲಿ.

4. ಡೆಫ್ ಲೆಕ್ಕ(): ಎಂದು ಫಂಕ್ಷನ್ ಬರೆಯಿರಿ. ತೂಕ.ಗೆಟ್() ಕೊಡುವುದು ಸಂಖ್ಯೆಯಲ್ಲ, ಪಠ್ಯ. ಫ್ಲೋಟ್‌ನಿಂದ ಸಂಖ್ಯೆ ಮಾಡಿಕೊಳ್ಳಿ. ದರ ಕ್ವಿಂಟಲ್ಲಿನದು, ತೂಕ ಕಿಲೋದಲ್ಲಿ. ಆದ್ದರಿಂದ ಗುಣಿಸಿ 100ರಿಂದ ಭಾಗಿಸಿ. ಬಂದದ್ದನ್ನು ಉತ್ತರ.ಕಾನ್ಫಿಗ್(ಟೆಕ್ಸ್ಟ್=...) ಮೂಲಕ ತೋರಿಸಿ.

5. ಟಿಕೆ.ಬಟನ್(ಕಿಟಕಿ, ಟೆಕ್ಸ್ಟ್="ಲೆಕ್ಕ ಹಾಕು", ಕಮ್ಯಾಂಡ್=ಲೆಕ್ಕ).ಗ್ರಿಡ್(ರೋ=2).

6. ಕೊನೆಯ ಸಾಲು ಕಿಟಕಿ.ಮೇನ್‌ಲೂಪ್().

240 ಕಿಲೋ, ಕ್ವಿಂಟಲ್‌ಗೆ 48,000 ಎಂದರೆ 1,15,200 ಬರಬೇಕು.

ಎಲ್ಲರೂ ಎಡವುವ ಜಾಗ

ಓದುಗರು ಕಳಿಸುವ ಪ್ರೋಗ್ರಾಂಗಳಲ್ಲಿ ನಾನು ಮತ್ತೆ ಮತ್ತೆ ತಿದ್ದುವುದು ಐದನೇ ಹಂತವನ್ನು. ಕಮ್ಯಾಂಡ್=ಲೆಕ್ಕ ಎನ್ನುವ ಕಡೆ ಕಮ್ಯಾಂಡ್=ಲೆಕ್ಕ() ಎಂದು ಬರೆದಿರುತ್ತಾರೆ. ಫಂಕ್ಷನ್ ಎಂದರೆ ಬ್ರಾಕೆಟ್ ಇರಲೇಬೇಕು ಎಂದು ಕೈಗೆ ರೂಢಿಯಾಗಿರುತ್ತದೆ.

ಮದುವೆಗೆ ಅಡುಗೆಯವರ ಫೋನ್ ನಂಬರ್ ಬರೆದುಕೊಡುವುದು ಬೇರೆ, ಈಗಲೇ ಒಲೆ ಹೊತ್ತಿಸಿ ಎನ್ನುವುದು ಬೇರೆ. ‘ಲೆಕ್ಕ’ ಎಂದರೆ ನಂಬರ್. ‘ಲೆಕ್ಕ()’ ಎಂದರೆ ಒಲೆ ಹೊತ್ತಿತು. ಬಟನ್‌ಗೆ ಬೇಕಾದದ್ದು ನಂಬರ್ ಮಾತ್ರ. ಯಾರಾದರೂ ಒತ್ತಿದಾಗ ಅದೇ ಕರೆ ಮಾಡುತ್ತದೆ.

ಬ್ರಾಕೆಟ್ ಹಾಕಿದರೆ ಬಟನ್ ಹುಟ್ಟುವ ಮೊದಲೇ ಲೆಕ್ಕ ಓಡುತ್ತದೆ. ಆಗ ಪೆಟ್ಟಿಗೆಗಳು ಖಾಲಿ. ಖಾಲಿ ಪಠ್ಯ ಸಂಖ್ಯೆಯಾಗದೆ ‘ವ್ಯಾಲ್ಯೂಎರರ್’ ಬರುತ್ತದೆ, ನೀವು ಎಂಟ್ರಿಯ ಸಾಲನ್ನು ಗಂಟೆಗಟ್ಟಲೆ ತಿದ್ದುತ್ತ ಕೂರುತ್ತೀರಿ. ಖಾಲಿ ಪೆಟ್ಟಿಗೆಗೆಂದು ಟ್ರೈ, ಎಕ್ಸೆಪ್ಟ್ ಹಾಕಿದ್ದರಂತೂ ಇನ್ನೂ ಕಷ್ಟ: ದೋಷದ ಸೂಚನೆಯೇ ಇರುವುದಿಲ್ಲ, ಬಟನ್‌ಗೆ ಸಿಕ್ಕಿರುವುದು ಬರೀ ‘ನನ್’, ಎಷ್ಟು ಒತ್ತಿದರೂ ಉತ್ತರವಿಲ್ಲ. ಫಂಕ್ಷನ್‌ಗೆ ಬೆಲೆ ಕಳಿಸಲೇಬೇಕಿದ್ದರೆ ಕಮ್ಯಾಂಡ್=ಲ್ಯಾಂಬ್ಡಾ: ಲೆಕ್ಕ(5) ಎನ್ನಿ.

ಮೂರನೇ ಹಂತವನ್ನು ಎರಡು ಸಾಲು ಮಾಡಿದ್ದಕ್ಕೂ ಇಂಥದೇ ಕಾರಣ. ತೂಕ = ಟಿಕೆ.ಎಂಟ್ರಿ(ಕಿಟಕಿ).ಗ್ರಿಡ್() ಎಂದು ಒಂದೇ ಸಾಲಿಗೆ ತುರುಕಿದರೆ ‘ತೂಕ’ದಲ್ಲಿ ಉಳಿಯುವುದು ಪೆಟ್ಟಿಗೆಯಲ್ಲ, ಗ್ರಿಡ್ ಮರಳಿಸುವ ನನ್. ಸಾಲು ಉಳಿಸುವ ಚಪಲ ಬೇಡ. ಬ್ರಾಕೆಟ್ ಹಾಕುವ ಮೊದಲು ಒಮ್ಮೆ ಕೇಳಿಕೊಳ್ಳಿ: ಈ ಕೆಲಸ ಈಗಲೇ ಆಗಬೇಕೇ, ಒತ್ತಿದಾಗಲೇ?

ಇನ್ನು ಮೂರು ಮಾತು

ಒಂದೇ ಕಿಟಕಿಯಲ್ಲಿ ಪ್ಯಾಕ್, ಗ್ರಿಡ್ ಎರಡನ್ನೂ ಬೆರೆಸಬೇಡಿ. ಕಾಯಿಸಲು ಸ್ಲೀಪ್ ಬಳಸಿದರೆ ಕಿಟಕಿ ಮರಗಟ್ಟುತ್ತದೆ, ಕಿಟಕಿ.ಆಫ್ಟರ್(1000, ಲೆಕ್ಕ) ಎಂದರೆ ಒಂದು ಸೆಕೆಂಡಿನ ನಂತರ ಲೆಕ್ಕ ನಡೆಯುತ್ತದೆ, ಇಲ್ಲೂ ಹೆಸರಿಗೆ ಬ್ರಾಕೆಟ್ ಇಲ್ಲ. ಫ್ಲೋಟ್ ೨೪೦ ಎಂಬ ಕನ್ನಡ ಅಂಕಿಯನ್ನೂ ಓದುತ್ತದೆ, ಆದರೆ ಅಲ್ಪವಿರಾಮ ಇರುವ 48,000 ಅದಕ್ಕೆ ಆಗದು. ಮೊದಲು ರಿಪ್ಲೇಸ್‌ನಿಂದ ಅಲ್ಪವಿರಾಮ ತೆಗೆಯಿರಿ.