ತಾರಸಿ ಮೇಲೊಂದು ರೂಮು: ಚದರದ ರೇಟು ನಂಬಿ ಬಜೆಟ್ ಹಾಕಬೇಡಿ

ಬೆಂಗಳೂರಿನ ಲಗ್ಗೆರೆಯ ಬೀದಿಗಳಲ್ಲಿ ತಲೆಯೆತ್ತಿ ನೋಡಿದರೆ ಒಂದಲ್ಲ ಒಂದು ಮನೆಯ ತಾರಸಿ ಮೇಲೆ ಒಂಟಿ ರೂಮು ಕಾಣುತ್ತದೆ. ಕೆಲವಕ್ಕೆ ಶೀಟು, ಕೆಲವಕ್ಕೆ ಮೋಲ್ಡು, ಅಂದರೆ ಕಾಂಕ್ರೀಟ್ ಚಾವಣಿ. ಪಕ್ಕದಲ್ಲೇ ಪೀಣ್ಯ ಕೈಗಾರಿಕಾ ಪ್ರದೇಶ ಇರುವುದರಿಂದ ಸಣ್ಣ ರೂಮನ್ನು ಬಾಡಿಗೆಗೆ ಕೇಳಿಕೊಂಡು ಬರುವವರಿಗೆ ಕೊರತೆಯಿಲ್ಲ. ಮನೆಯಲ್ಲಿ ಮಗ ಮದುವೆ ವಯಸ್ಸಿಗೆ ಬಂದಾಗಲೂ ಕಣ್ಣು ಮೊದಲು ಹೋಗುವುದು ತಾರಸಿಯ ಕಡೆಗೇ. ಮೇಸ್ತ್ರಿಯನ್ನು ಕರೆಸಿದ ಕೂಡಲೇ ಕೇಳುವ ಪ್ರಶ್ನೆ, ‘ಚದರಕ್ಕೆ ಎಷ್ಟಾಗುತ್ತೆ?’ ಚದರ ಎಂದರೆ ನೂರು ಚದರಡಿ. ಅವರು ಹೇಳಿದ ಮೊತ್ತವನ್ನು ಸುಮಾರು ಒಂದೂ ಕಾಲು ಪಟ್ಟು ಮಾಡಿದರೆ 10x12 ಅಡಿಯ ರೂಮಿನ ಬಜೆಟ್ ಸಿಕ್ಕಿತು ಎಂದು ಲೆಕ್ಕ ಮುಗಿಸುತ್ತೇವೆ. ಸಣ್ಣ ರೂಮಿನ ಮಟ್ಟಿಗೆ ಈ ಲೆಕ್ಕ ಖರ್ಚನ್ನು ಯಾವಾಗಲೂ ಕಡಿಮೆ ಮಾಡಿಯೇ ತೋರಿಸುತ್ತದೆ. ಅರ್ಧಕ್ಕೆ ನಿಂತ ಗೋಡೆ, ಬಾಗಿಲಿಲ್ಲದ ಬಚ್ಚಲು, ಕೆಲಸದ ನಡುವೆ ಮಾಡಿದ ಬಡ್ಡಿ ಸಾಲ ಎಲ್ಲ ಇಲ್ಲಿಂದಲೇ ಹುಟ್ಟುತ್ತವೆ. ಬಜೆಟ್ ಕೆಡುವುದು ಸಾಮಾನಿನ ಬೆಲೆ ಏರಿದ್ದಕ್ಕಿಂತ ಹೆಚ್ಚಾಗಿ ಪಟ್ಟಿಗೆ ಸೇರದೆ ಉಳಿದ ಕೆಲಸಗಳಿಂದ.

ಗೋಡೆಯ ಲೆಕ್ಕವನ್ನೇ ನೋಡಿ. 20x30 ಅಡಿಯ ಮನೆಯ ನೆಲ 600 ಚದರಡಿ. ಅದರ ಹೊರಗೋಡೆ ಸುತ್ತಳತೆ 100 ಅಡಿ, 9 ಅಡಿ ಎತ್ತರಕ್ಕೆ 900 ಚದರಡಿ ಗೋಡೆ. ಒಂದು ಅಡಿ ನೆಲಕ್ಕೆ ಒಂದೂವರೆ ಅಡಿ ಗೋಡೆ ಬಂತು. 10x12ರ ರೂಮಿಗೆ ನೆಲ ಬರೀ 120 ಚದರಡಿ, ಸುತ್ತಳತೆ 44 ಅಡಿ, ಗೋಡೆ 396 ಚದರಡಿ. ಅಂದರೆ ಒಂದು ಅಡಿ ನೆಲಕ್ಕೆ ಮೂರೂ ಕಾಲು ಅಡಿಗಿಂತ ಹೆಚ್ಚು ಗೋಡೆ. ದೊಡ್ಡ ಮನೆಗೆ ಒಳಗೋಡೆಗಳೂ ಇರುತ್ತವೆ ನಿಜ, ಅವನ್ನು ಸೇರಿಸಿದರೂ ಅಂತರ ಪೂರ್ತಿ ಮುಚ್ಚುವುದಿಲ್ಲ. ಗೋಡೆ ಎಂದರೆ ಬ್ಲಾಕು ಮಾತ್ರ ಅಲ್ಲ, ಎರಡೂ ಕಡೆಯ ಗಾರೆ, ಪುಟ್ಟಿ, ಬಣ್ಣ. ಮೇಲಾಗಿ ಬಾಗಿಲು, ಕಿಟಕಿ, ನೀರಿನ ಪೈಪು, ಕರೆಂಟಿನ ಮೇನ್ ವೈರು ಒಂದು ಚದರದ ರೂಮಿಗೂ ಬೇಕು, ಆರು ಚದರದ ಮನೆಗೂ ಬೇಕು. ಆರು ಚದರದ ಮೇಲೆ ಹಂಚಿಹೋಗುತ್ತಿದ್ದ ಖರ್ಚು ಇಲ್ಲಿ ಒಂದೇ ಚದರದ ತಲೆಯ ಮೇಲೆ ಬೀಳುತ್ತದೆ. ‘ನಮ್ಮ ಮೇಸ್ತ್ರಿ ಇಪ್ಪತ್ತು ವರ್ಷದಿಂದ ಚದರದ ಲೆಕ್ಕದಲ್ಲೇ ಕಟ್ಟುತ್ತಿದ್ದಾರೆ’ ಎಂದು ಹೇಳುವವರಿದ್ದಾರೆ. ಅವರ ರೇಟು ಸುಳ್ಳಲ್ಲ. ಇಡೀ ಮನೆಗಳನ್ನು ಕಟ್ಟಿ ಕಟ್ಟಿ ಪಳಗಿದ ರೇಟು ಅದು, ಒಂಟಿ ರೂಮಿನ ಅಳತೆಗೆ ಕೂರುವುದಿಲ್ಲ, ಅಷ್ಟೇ.

ಬೆಲೆಯ ಮಾತಿಗೆ ಬರೋಣ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು. ತೆರಿಗೆಗೆ ಮುಂಚಿನ ಬೆಲೆ ಮೂಟೆಗೆ 350 ರೂಪಾಯಿ ಎಂದು ಇಟ್ಟುಕೊಂಡರೆ ಉಳಿತಾಯ 35 ರೂಪಾಯಿ. ಶೀಟಿನ ಚಾವಣಿಯ ರೂಮಿಗೆ ಬ್ಲಾಕು ಕಟ್ಟಲು, ಗಾರೆಗೆ, ನೆಲಕ್ಕೆ, ಬಚ್ಚಲಿಗೆ ಎಲ್ಲ ಸೇರಿ 25 ಮೂಟೆ ಎಂದು ಹಿಡಿಯಿರಿ. ಅಷ್ಟು ದೊಡ್ಡ ತೆರಿಗೆ ಇಳಿಕೆಯಿಂದ ಇಡೀ ರೂಮಿಗೆ ಉಳಿದದ್ದು 875 ರೂಪಾಯಿ. ನಾಳೆ ಮೂಟೆಗೆ 50 ರೂಪಾಯಿ ಏರಿದರೆ ಹೊರೆ 1,250 ರೂಪಾಯಿ. ಮೋಲ್ಡಿಗೆ ಸುಮಾರು 150 ಕೆಜಿ ಕಬ್ಬಿಣ ಬೇಕೆಂದುಕೊಂಡು ಕೆಜಿಗೆ 10 ರೂಪಾಯಿ ಏರಿದರೂ 1,500 ರೂಪಾಯಿಗೆ ನಿಲ್ಲುತ್ತದೆ. ಇದರ ಪಕ್ಕದಲ್ಲಿ ಮರೆತ ಒಂದು ಬಚ್ಚಲನ್ನೋ ಮರೆತ ಒಂದು ನೀರಿನ ಟ್ಯಾಂಕನ್ನೋ ಇಟ್ಟು ನೋಡಿ. ಅಂಗಡಿಯಲ್ಲಿ ಚೌಕಾಸಿ ಮಾಡುವುದು ಬೇಡ ಎನ್ನುತ್ತಿಲ್ಲ. ಅದಕ್ಕೆ ಕೊಡುವ ಒಂದು ಸಂಜೆಯನ್ನು ಪಟ್ಟಿ ಬರೆಯುವುದಕ್ಕೂ ಕೊಡಿ.

ಪಟ್ಟಿಯ ಮೊದಲ ಸಾಲು ಭಾರ. ಕೆಳಗಿನ ಮನೆ ಹೊಸ ರೂಮನ್ನು ಹೊರುತ್ತದೆಯೇ ಎಂದು ತಿಳಿಯುವ ಮೊದಲು ಒಂದು ಬ್ಲಾಕೂ ತರಿಸಬಾರದು. ಜನ ಓಡಾಡುವ ತಾರಸಿಗೆ ಭಾರತೀಯ ಮಾನಕ ಐಎಸ್ 875 ಹೇಳುವ ಚರಭಾರ ಚದರ ಮೀಟರಿಗೆ ಸುಮಾರು 150 ಕೆಜಿ. ಗೋಡೆಯ ದಪ್ಪವೂ ಸೇರಿ ರೂಮು ನಿಲ್ಲುವ 13 ಚದರ ಮೀಟರಿಗೆ ಇದು ಹತ್ತಿರ ಹತ್ತಿರ ಎರಡು ಟನ್. ಈಗ ಗೋಡೆಯ ತೂಕ. ಬಾಗಿಲು, ಕಿಟಕಿ ಕಳೆದು 360 ಚದರಡಿ ಗೋಡೆಗೆ ಆರಿಂಚಿನ ಸಾಲಿಡ್ ಬ್ಲಾಕು, ಒಡೆಯುವುದೂ ಸೇರಿ, ಸುಮಾರು 410 ಬೇಕು. ಒಂದೊಂದು 25 ಕೆಜಿ ತೂಗಿದರೆ ಒಟ್ಟು ಹತ್ತು ಟನ್ ದಾಟುತ್ತದೆ. ಮೋಲ್ಡು ಹಾಕಿದರೆ ಐದಿಂಚಿನ ಚಾವಣಿಯದೇ ಇನ್ನೂ ನಾಲ್ಕೂವರೆ ಟನ್. ಆದ್ದರಿಂದ ಹೊಸ ಗೋಡೆ ಕೆಳಗಿನ ಬೀಮ್ ಅಥವಾ ಗೋಡೆಯ ನೇರಕ್ಕೇ ಬರಬೇಕು, ಬರಿಯ ಚಾವಣಿಯ ನಡುವೆ ಕೂರಬಾರದು. ಮನೆ ಕಟ್ಟುವಾಗ ಇನ್ನೊಂದು ಮಹಡಿಗೆಂದು ಪಾಯ, ಪಿಲ್ಲರ್ ಲೆಕ್ಕ ಹಾಕಿದ್ದರೆ ಚಿಂತೆ ಕಡಿಮೆ. ಹಾಗಿಲ್ಲದಿದ್ದರೆ, ಅಥವಾ ಗೊತ್ತಿಲ್ಲದಿದ್ದರೆ, ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರನ್ನು ಕರೆಸಿ ತೋರಿಸುವ ಶುಲ್ಕವೇ ಬಜೆಟ್ಟಿನ ಮೊದಲ ಖರ್ಚು. ‘ಅಕ್ಕಪಕ್ಕದವರೆಲ್ಲ ಕಟ್ಟಿದ್ದಾರಲ್ಲ’ ಎಂಬುದು ಇದಕ್ಕೆ ಉತ್ತರವಾಗದು, ಅವರ ಪಾಯದಲ್ಲಿ ಏನಿದೆಯೋ ನಿಮ್ಮ ಪಾಯದಲ್ಲಿ ಅದೇ ಇರಬೇಕೆಂದೇನಿಲ್ಲ. ಭಾರವೇ ಅಡ್ಡಿಯಾದರೆ ದಾರಿಯೂ ಇದೆ. ಹಗುರವಾದ ಎಎಸಿ ಬ್ಲಾಕಿನ ಸಾಂದ್ರತೆ ಸಾಲಿಡ್ ಬ್ಲಾಕಿನ ಮೂರನೇ ಒಂದು ಭಾಗದಷ್ಟೇ. ಹತ್ತು ಟನ್ನಿನ ಗೋಡೆ ಮೂರು ಟನ್ನಿನ ಆಸುಪಾಸಿಗೆ ಇಳಿಯುತ್ತದೆ. ಬೆಲೆ ಸ್ವಲ್ಪ ಹೆಚ್ಚಾದರೂ ಮೇಲಕ್ಕೆ ಹೊರುವ ಕೂಲಿಯಲ್ಲಿ ಒಂದಿಷ್ಟು ವಾಪಸ್ಸು ಬರುತ್ತದೆ.

ಎರಡನೆಯ ಸಾಲು ಕಾಗದ. ಶೀಟು ಹೊದಿಸಿದರೆ ಪ್ಲ್ಯಾನ್ ಬೇಡ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ನಾಲ್ಕು ಗೋಡೆ ಎದ್ದು ಮೇಲೆ ಚಾವಣಿ ಬಂದ ಮೇಲೆ ಅದು ಶೀಟೋ ಮೋಲ್ಡೋ, ಕಟ್ಟಡವೇ. ಖಾತಾ ಯಾವುದು, ಮಂಜೂರಾದ ಪ್ಲ್ಯಾನ್‌ನಲ್ಲಿ ಎಷ್ಟು ಮಹಡಿ ಇದೆ ಎಂಬುದನ್ನು ಮೊದಲೇ ತೆಗೆದು ನೋಡಿ. ಇದಕ್ಕೂ ಬಜೆಟ್ಟಿಗೂ ನೇರ ಸಂಬಂಧವಿದೆ. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ನಂತರ ಸ್ವಾಧೀನಾನುಭವ ಪತ್ರ (ಓಸಿ) ಇಲ್ಲದ ಕಟ್ಟಡಕ್ಕೆ ಹೊಸ ವಿದ್ಯುತ್ ಸಂಪರ್ಕ ಸಿಗುವುದು ಕಷ್ಟವಾಯಿತು. 1,200 ಚದರಡಿವರೆಗಿನ ನಿವೇಶನದಲ್ಲಿ ನೆಲಮಹಡಿ ಮತ್ತು ಎರಡು ಮಹಡಿ, ಅಥವಾ ಸ್ಟಿಲ್ಟ್ ಮತ್ತು ಮೂರು ಮಹಡಿಯ ವಾಸದ ಮನೆಗಳಿಗೆ ರಾಜ್ಯ ಸರ್ಕಾರ 2025ರಲ್ಲಿ ಓಸಿಯಿಂದ ವಿನಾಯಿತಿ ಕೊಟ್ಟಿದೆ. ನೆಲಮಹಡಿಯ ಮೇಲೆ ಈಗಾಗಲೇ ಎರಡು ಮಹಡಿ ಇರುವ ಮನೆಗೆ ಮತ್ತೊಂದು ರೂಮು ಎಬ್ಬಿಸಿದರೆ ಆ ಮಿತಿಯ ಆಚೆಗೆ ಕಾಲಿಟ್ಟಂತೆ. ಬೇರೆ ಮೀಟರ್ ಸಿಗದೆ ಬಾಡಿಗೆಯವರನ್ನು ನಿಮ್ಮ ಮೀಟರಿಗೇ ಸೇರಿಸಿಕೊಂಡರೆ ಇನ್ನೊಂದು ಖರ್ಚು ಪ್ರತಿ ತಿಂಗಳೂ ಬರುತ್ತದೆ. 2023ರಲ್ಲಿ ಶುರುವಾದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿಯ ಮಿತಿ 200 ಯುನಿಟ್. ಎರಡು ಸಂಸಾರದ ಬಳಕೆ ಒಂದೇ ಮೀಟರಿನಲ್ಲಿ ಸೇರಿ ಅದನ್ನು ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಗೀಸರ್ ಹಾಕುವುದಾದರೆ ಅದೊಂದೇ 2 ಕಿಲೋವ್ಯಾಟ್, ಮಂಜೂರಾದ ಲೋಡ್ ಹೆಚ್ಚಿಸಿಕೊಳ್ಳುವ ಠೇವಣಿಯನ್ನೂ ಬರೆದುಕೊಳ್ಳಿ.

ಇನ್ನು ಬಚ್ಚಲು. ಒಂಟಿ ರೂಮಿನ ಬಜೆಟ್ ಹೆಚ್ಚಾಗಿ ಕುಸಿಯುವುದು ಇಲ್ಲೇ. ರಾಷ್ಟ್ರೀಯ ಕಟ್ಟಡ ಸಂಹಿತೆ ಒಂದೇ ಕೋಣೆಯ ಮನೆಗೆ ಕನಿಷ್ಠ 9.5 ಚದರ ಮೀಟರ್ ಕೋಣೆ, ಕಕ್ಕಸು ಸೇರಿದ ಬಚ್ಚಲಿಗೆ ಕನಿಷ್ಠ 2.8 ಚದರ ಮೀಟರ್ ಹೇಳುತ್ತದೆ. 2.8 ಎಂದರೆ ಸುಮಾರು 30 ಚದರಡಿ, ಒಂದು ಚದರದ ಮೂರನೇ ಒಂದು ಭಾಗಕ್ಕೂ ಕಡಿಮೆ. ಚದರದ ಲೆಕ್ಕದಲ್ಲಿ ಇದು ರೂಮಿನ ಕಾಲು ಭಾಗ. ನಿಜದ ಖರ್ಚು ಹಾಗಿರುವುದಿಲ್ಲ. ಅಷ್ಟು ಸಣ್ಣ ಜಾಗದಲ್ಲಿ ಮೂರು ಹೊಸ ಗೋಡೆ, ಒಂದು ಬಾಗಿಲು, ನೆಲಕ್ಕೂ ಗೋಡೆಗೂ ಟೈಲ್ಸ್, ಕಮೋಡ್, ನಲ್ಲಿಗಳು, ನೀರು ಇಳಿಯದಂತೆ ವಾಟರ್‌ಪ್ರೂಫಿಂಗ್, ಅಲ್ಲಿಂದ ರಸ್ತೆ ಬದಿಯ ಚೇಂಬರ್ ತನಕ ಮನೆಯ ಎತ್ತರದ ಉದ್ದಕ್ಕೂ ಇಳಿಯುವ ಪೈಪು ಇವೆ. ವಾಟರ್‌ಪ್ರೂಫಿಂಗ್ ಬಿಟ್ಟು ಹಣ ಉಳಿಸಿದರೆ ಕೆಳಗಿನ ಮನೆಯ ಚಾವಣಿ ಒದ್ದೆಯಾಗುತ್ತದೆ, ಆಗ ಹೊಸ ಟೈಲ್ಸ್ ಕಿತ್ತೇ ಸರಿಪಡಿಸಬೇಕು. ಟ್ಯಾಂಕಿನದು ಇನ್ನೊಂದು ಸಮಸ್ಯೆ. ಈಗಿರುವ ಟ್ಯಾಂಕು ತಾರಸಿಯಲ್ಲೇ, ಅಂದರೆ ಹೊಸ ರೂಮಿನ ನೆಲದ ಮಟ್ಟದಲ್ಲೇ ಇರುತ್ತದೆ. ಅದರಿಂದ ರೂಮಿನ ಶವರಿಗೆ ನೀರು ಏರುವುದಿಲ್ಲ. ಟ್ಯಾಂಕನ್ನು ಹೊಸ ಚಾವಣಿಯ ಮೇಲಕ್ಕೆ ಎತ್ತಬೇಕು, ಇಲ್ಲವೇ ಇನ್ನೊಂದು ತರಬೇಕು. 500 ಲೀಟರಿನ ಟ್ಯಾಂಕು ತುಂಬಿದಾಗ ಅರ್ಧ ಟನ್, ಶೀಟಿನ ಮೇಲೆ ಇಡುವ ಹಾಗಿಲ್ಲ. ಕಬ್ಬಿಣದ ಸ್ಟ್ಯಾಂಡ್ ಬೇಕು, ಪಂಪಿನ ಪೈಪು ಉದ್ದವಾಗಬೇಕು.

‘ದುಡ್ಡು ಕಡಿಮೆ, ಶೀಟು ಹೊದಿಸಿಬಿಡೋಣ’ ಎಂಬ ವಾದವನ್ನು ಈ ಬೆಳಕಿನಲ್ಲಿ ನೋಡಬೇಕು. ಶೀಟಿನಿಂದ ಉಳಿಯುವುದು ಸುಮಾರು 14 ಮೂಟೆ ಸಿಮೆಂಟು, 150 ಕೆಜಿ ಕಬ್ಬಿಣ, ಜಲ್ಲಿ, ಎಂ-ಸ್ಯಾಂಡು, ಸೆಂಟ್ರಿಂಗ್ ಮತ್ತು ಮೋಲ್ಡಿನ ದಿನದ ಕೂಲಿ. ಗೋಡೆ, ಗಾರೆ, ಬಚ್ಚಲು, ಪೈಪು, ವೈರಿಂಗ್ ಒಂದೂ ಕಡಿಮೆಯಾಗುವುದಿಲ್ಲ. ಆ ಉಳಿತಾಯದಿಂದ ಶೀಟಿನ ಬೆಲೆ, ಕಬ್ಬಿಣದ ಪೈಪು, ವೆಲ್ಡಿಂಗ್, ಟ್ಯಾಂಕಿನ ಸ್ಟ್ಯಾಂಡ್ ಕಳೆಯಿರಿ. ಬಿಸಿಲಿನ ಕಾಟಕ್ಕೆ ಫಾಲ್ಸ್ ಸೀಲಿಂಗ್ ಹಾಕಿಸುವುದಾದರೆ ಅದನ್ನೂ ಕಳೆಯಿರಿ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಉಷ್ಣಾಂಶ 39.2 ಡಿಗ್ರಿ ಮುಟ್ಟಿತ್ತು. ಅಂಥ ಮಧ್ಯಾಹ್ನ ರಾತ್ರಿಪಾಳಿ ಮುಗಿಸಿ ಬಂದ ಕಾರ್ಮಿಕ ಬರಿಯ ಶೀಟಿನ ಕೆಳಗೆ ನಿದ್ದೆ ಮಾಡಬೇಕು ಎಂಬುದನ್ನು ಮನೆ ಕಟ್ಟಿಸುವವರು ನೆನಪಿಡಬೇಕು. ಹಾಗಂತ ಶೀಟು ತಪ್ಪೆಂದಲ್ಲ. ಕೆಳಗಿನ ಮನೆ ನಾಲ್ಕೂವರೆ ಟನ್ ಹೆಚ್ಚು ಹೊರಲಾರದು ಎಂದು ಎಂಜಿನಿಯರ್ ಹೇಳಿದರೆ ಶೀಟೇ ಸರಿ. ಅದನ್ನು ಆರಿಸುವ ಕಾರಣ ಭಾರವಾಗಿರಲಿ, ಅಗ್ಗ ಎಂಬ ಭ್ರಮೆ ಬೇಡ.

ಈಗ ಹಾಳೆಯೊಂದರಲ್ಲಿ ಸಾಮಾನಿನ ಪ್ರಮಾಣ ಬರೆಯಿರಿ: ಬ್ಲಾಕು ಇಷ್ಟು, ಮೂಟೆ ಇಷ್ಟು, ಎಂ-ಸ್ಯಾಂಡು ಇಷ್ಟು, ಟೈಲ್ಸ್ ಇಷ್ಟು ಚದರಡಿ, ಕರೆಂಟಿನ ಪಾಯಿಂಟು ಇಷ್ಟು. ಪ್ರಮಾಣ ಮಾರುಕಟ್ಟೆಯ ಜತೆ ಏರಿಳಿಯುವುದಿಲ್ಲ. ಅದರ ಪಕ್ಕದಲ್ಲಿ ಆ ವಾರ ಎರಡು ಮೂರು ಅಂಗಡಿಯಲ್ಲಿ ಕೇಳಿದ ರೇಟು ಹಾಕಿ. ಬ್ಲಾಕು, ಮರಳು, ಸಿಮೆಂಟು ಸೇರಿ 15 ಟನ್ ದಾಟುವ ಸಾಮಾನು ತಾರಸಿಗೆ ಹೋಗಬೇಕು, ಆ ಕೂಲಿಗೆ ಬೇರೆಯೇ ಸಾಲು ಬೇಕು. ಮೇಸ್ತ್ರಿಯ ಲೇಬರ್ ಕಾಂಟ್ರ್ಯಾಕ್ಟಿನಲ್ಲಿ ಅದು ಸೇರಿದೆಯೇ ಎಂದು ಮೊದಲೇ ಬಾಯಿಬಿಟ್ಟು ಕೇಳಿ. ಲಿಂಟಲ್, ಸಜ್ಜಾ, ಅಡುಗೆ ಕಟ್ಟೆ, ಸೆಂಟ್ರಿಂಗ್ ಸಾಮಾನಿನ ಬಾಡಿಗೆ, ಗೋಡೆಗೆ ನೀರು ಹೊಡೆಯುವುದು, ಉಳಿದ ಕಸ ಸಾಗಿಸುವುದು ಯಾರ ಪಾಲಿಗೆ ಎಂಬುದು ಬಿಳಿ ಹಾಳೆಯಲ್ಲಾದರೂ ಬರೆದಿರಲಿ. ಮುಂಗಡ ದೊಡ್ಡದಾಗಿ ಕೊಡಬೇಡಿ. ಶನಿವಾರದ ಬಟವಾಡೆ ಆ ವಾರ ಎದ್ದ ಕೆಲಸಕ್ಕೆ ಸರಿಯಾಗಿರಲಿ. ಒಟ್ಟು ಮೊತ್ತದ ಮೇಲೆ ಶೇ 15ರಷ್ಟು ಬೇರೆ ಇಟ್ಟುಕೊಳ್ಳಿ. ಹಳೇ ತಾರಸಿಯ ಬಿರುಕು, ಚೇಂಬರಿನ ತನಕ ಪೈಪಿನ ದಾರಿ, ಮೆಟ್ಟಿಲು ಮುಂದುವರಿಸುವುದು ಇವೆಲ್ಲ ಮುಟ್ಟಿದ ಮೇಲೆಯೇ ಗೊತ್ತಾಗುವ ಖರ್ಚುಗಳು.

ಹಣ ಎಲ್ಲಿಂದ ಬರುತ್ತದೆ ಎಂಬುದನ್ನೂ ಅದೇ ಹಾಳೆಯಲ್ಲಿ ಬರೆಯಬೇಕು. ಚೀಟಿಯನ್ನು ಮೊದಲ ತಿಂಗಳುಗಳಲ್ಲೇ ಕೂಗಿ ಎತ್ತಿದರೆ ಕೈಗೆ ಬರುವುದು ಚೀಟಿಯ ಪೂರ್ತಿ ಮೊತ್ತವಲ್ಲ, ಕಳೆದುಹೋದ ಭಾಗ ಬಡ್ಡಿಯೇ. ‘ಕಟ್ಟಿದ ಮೇಲೆ ಭೋಗ್ಯಕ್ಕೆ ಕೊಟ್ಟರೆ ಹಾಕಿದ ದುಡ್ಡು ಒಂದೇ ಸಲಕ್ಕೆ ಬಂತಲ್ಲ’ ಎಂಬ ವಾದ ಕೇಳಲು ಚೆನ್ನ. ಭೋಗ್ಯದ ಹಣ ಸಾಲ, ಎರಡು ಮೂರು ವರ್ಷಕ್ಕೆ ಪೂರ್ತಿ ಹಿಂತಿರುಗಿಸಬೇಕು. ಅದನ್ನು ಗೋಡೆಗೆ ಹಾಕಿದರೆ ವಾಪಸ್ಸು ಕೊಡುವ ದಿನ ಇನ್ನೊಬ್ಬ ಭೋಗ್ಯದವರನ್ನೋ ಬಡ್ಡಿ ಸಾಲವನ್ನೋ ಹುಡುಕಬೇಕಾಗುತ್ತದೆ. ಬಾಡಿಗೆಯಿಂದ ತೀರಿಸುತ್ತೇವೆ ಎನ್ನುವವರು ವರ್ಷಕ್ಕೆ ಒಂದೆರಡು ತಿಂಗಳು ರೂಮು ಖಾಲಿ ಬಿದ್ದಿರುತ್ತದೆ ಎಂದುಕೊಂಡು, ಹೆಚ್ಚುವ ಆಸ್ತಿ ತೆರಿಗೆಯನ್ನೂ ಕಳೆದು ಲೆಕ್ಕ ಮಾಡಲಿ.

ಕೆಲಸ ಶುರು ಮಾಡಲು ಮಳೆ ನಿಂತ ಡಿಸೆಂಬರ್ ಅನುಕೂಲ. ಬೇಸಿಗೆಗೆ ತಳ್ಳಿದರೆ ನೀರಿಗೇ ಕಷ್ಟ. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಕಟ್ಟಡ ಕೆಲಸಕ್ಕೆ ಬಳಸಿದರೆ 5,000 ರೂಪಾಯಿ ದಂಡ ಎಂದಿತ್ತು. ಬೇಸಿಗೆ ಹತ್ತಿದ ಹಾಗೆ ಟ್ಯಾಂಕರಿನ ಬೆಲೆಯೂ ಏರುತ್ತದೆ. ಮೋಲ್ಡಿಗೆ ಕನಿಷ್ಠ ಏಳು ದಿನ, ಈಗ ಹೆಚ್ಚಾಗಿ ಸಿಗುವ ಪಿಪಿಸಿ ಸಿಮೆಂಟಿಗಾದರೆ ಹತ್ತು ದಿನ ನೀರು ನಿಲ್ಲಿಸಬೇಕು. ಆ ನೀರಿಗೂ ಬಜೆಟ್ಟಿನಲ್ಲಿ ಒಂದು ಸಾಲು ಇರಲಿ. ಹಣ ಮಧ್ಯದಲ್ಲಿ ಸಾಲದು ಎನಿಸಿದರೆ ಎಲ್ಲಿ ನಿಲ್ಲಿಸಬೇಕೆಂದು ಶುರುವಿನಲ್ಲೇ ಗೊತ್ತು ಮಾಡಿಕೊಳ್ಳಿ. ಚಾವಣಿ, ಹೊರಗಡೆ ಗಾರೆ, ಬಚ್ಚಲಿನ ವಾಟರ್‌ಪ್ರೂಫಿಂಗ್ ಮತ್ತು ಪೈಪು ಮುಗಿದಿದ್ದರೆ ಒಳಗಿನ ಟೈಲ್ಸ್, ಪುಟ್ಟಿ, ಬಣ್ಣ ಆರು ತಿಂಗಳು ಕಾದರೂ ಏನೂ ಹಾಳಾಗದು. ಲಿಂಟಲ್ ಮಟ್ಟದಲ್ಲಿ ನಿಲ್ಲಿಸಿದರೆ ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ನೇರವಾಗಿ ಕೆಳಗಿನ ಮನೆಗೆ ಇಳಿಯುತ್ತದೆ.