ಕೊಂಡಿ ಕಳಚದಂತೆ ಕಡತ ಸಾಗಿಸುವ ಕ್ರಮ

2022ರ ಏಪ್ರಿಲ್‌ನಲ್ಲಿ ಅನಂತಪುರ ಜಿಲ್ಲೆ ವಿಭಜನೆಗೊಂಡಾಗ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಕಲ್ಯಾಣದುರ್ಗ ಹಳೆಯ ಜಿಲ್ಲೆಯಲ್ಲಿಯೇ ಉಳಿಯಿತು. ಹೇಮಾವತಿಯ ನೊಳಂಬ ಶಾಸನಗಳು ನಿಂತಲ್ಲೇ ನಿಂತಿದ್ದರೂ ಅವುಗಳ ವಿಳಾಸ ಬದಲಾಯಿತು. ಎರಡೂ ಸೀಮೆಗಳ ಶಾಸನಾಧ್ಯಯನಕ್ಕೆ ಗಣಕದಲ್ಲಿ ವೇಳಾಪಟ್ಟಿ ಹೂಡಿದ ವಿದ್ಯಾರ್ಥಿಯು ‘ಅನಂತಪುರ’ ಫೋಲ್ಡರನ್ನು ಇದೇ ರೀತಿ ಒಡೆಯಹೊರಟರೆ ತೊಡಕು ಆರಂಭವಾಗುತ್ತದೆ.

ಮೈಕ್ರೋಸಾಫ್ಟ್ ಪ್ರಾಜೆಕ್ಟ್‌ನಲ್ಲಿ ಮುಖ್ಯ ಕಡತವು ತನಗೆ ಜೋಡಿಸಿದ ಉಪಕಡತಗಳು ಇರುವ ದಾರಿಯನ್ನು ನೆನಪಿಟ್ಟುಕೊಂಡಿರುತ್ತದೆ. ಹಿಂದೂಪುರದ ಪಡಿಯಚ್ಚು ಮುಗಿದ ಬಳಿಕವೇ ಕಲ್ಯಾಣದುರ್ಗದ್ದು ಎಂಬ ಅವಲಂಬನೆಯೂ ಆ ದಾರಿಯನ್ನೇ ನೆಚ್ಚಿದೆ. ಉಪಕಡತವನ್ನು ಸುಮ್ಮನೆ ಎಳೆದು ಬೇರೆಡೆ ಇಟ್ಟರೆ ಹುಡುಕಾಟ ಹಳೆಯ ಜಾಗದಲ್ಲೇ ನಡೆಯುತ್ತದೆ. ಅಲ್ಲಿ ಹಳೆಯ ಪ್ರತಿಯೊಂದು ಉಳಿದಿದ್ದರಂತೂ ಅಪಾಯ ಹೆಚ್ಚು: ದೋಷದ ಸೂಚನೆಯೇ ಬಾರದೆ, ಕಳೆದ ತಿಂಗಳ ದಿನಾಂಕಗಳೇ ಇಂದಿನವೆಂಬಂತೆ ತೋರುತ್ತವೆ. ಪಾಠಾಂತರ ಬಲ್ಲವರಿಗೆ ಈ ಮೋಸ ಹೊಸದಲ್ಲ.

ಆದುದರಿಂದ ಎಲ್ಲ ಕಡತಗಳ ಒಂದೊಂದು ಪ್ರತಿಯನ್ನು ಮೊದಲು ಬೇರೆಡೆ ತೆಗೆದಿಡಬೇಕು. ಅನಂತರ ಮುಖ್ಯ ಕಡತವನ್ನೂ ಉಪಕಡತಗಳನ್ನೂ ಒಟ್ಟಿಗೆ ತೆರೆದು, ತೆರೆದಿರುವಾಗಲೇ ‘ಸೇವ್ ಆಸ್’ ಮೂಲಕ ಉಪಕಡತಗಳನ್ನು ಮೊದಲು, ಮುಖ್ಯ ಕಡತವನ್ನು ಕೊನೆಯಲ್ಲಿ ಹೊಸ ಸ್ಥಳದಲ್ಲಿ ಉಳಿಸಬೇಕು. ಬಳಿಕ ಎಲ್ಲವನ್ನೂ ಮುಚ್ಚಿ, ಹಳೆಯ ಫೋಲ್ಡರಿನ ಹೆಸರನ್ನು ತಾತ್ಕಾಲಿಕವಾಗಿ ಬದಲಿಸಿ ಹೊಸ ಮುಖ್ಯ ಕಡತವನ್ನು ತೆರೆದರೆ, ಯಾವ ಕೊಂಡಿ ಇನ್ನೂ ಹಳೆಯ ದಾರಿ ಹಿಡಿದಿದೆಯೆಂಬುದು ಬಯಲಾಗುತ್ತದೆ. ಕಳಚಿದ ಉಪಕಡತಕ್ಕೆ ‘ಟಾಸ್ಕ್ ಇನ್ಫರ್ಮೇಶನ್’ನ ‘ಅಡ್ವಾನ್ಸ್‌ಡ್’ ಪುಟದಲ್ಲಿ ಹೊಸ ದಾರಿಯನ್ನು ತೋರಿಸಬಹುದು.